ಹಗೇವಿಗೆ ಇಳಿದವನು

ಹಣೆಬರಹ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಲುವಯ್ಯನ ವಿಷಯ ಬಂದಾಗಲೆಲ್ಲ ನಮ್ಮ ತಿಪ್ಪಸಂದ್ರದ ಜನ ಅದೇ ಮಾತನ್ನು ಎತ್ತಿಕೊಂಡು ಬರುತ್ತಾರೆ. ನಮ್ಮಪ್ಪ ಮುನಿಆಂಜನಪ್ಪ ಎಲ್ಲರಿಗಿಂತ ಮೊದಲು. ಬ್ರಹ್ಮನಿಗೆ ಬೇರೆ ಕೆಲಸವಿರಲಿಲ್ಲ ನೋಡಿ, ನಲವತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಒಂದು ಮಂಗಳವಾರ ಮಧ್ಯಾಹ್ನ ನಮ್ಮ ಕೊಟ್ಟಿಗೆಯಲ್ಲಿ ಏನಾಗಬೇಕೆಂದು ಕೂತು ಬರೆದನಂತೆ. ಬರೆದವನು ಬ್ರಹ್ಮನಲ್ಲ. ಅರ್ಧ ನಮ್ಮಪ್ಪ ಬರೆದ, ಅರ್ಧ ನಾನು ಬರೆದೆ. ಐದು ವರ್ಷ ಕಳೆದಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಮೈ ಹಿಡಿಮಾಡಿಕೊಂಡು ಇಳಿಯುವಷ್ಟು ಕಿರಿದು, ಹೊಟ್ಟೆ ಗುಡಾಣದ ಹಾಗೆ ಅಗಲ. ನಮ್ಮ ಕೊಟ್ಟಿಗೆಯದು ಮೂರಾಳು ಆಳವಿತ್ತು. ಸುತ್ತ ಹುಲ್ಲು ಕೊಟ್ಟು, ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಹತ್ತು ವರ್ಷವಾದರೂ ಹುಳ ಬೀಳುವುದಿಲ್ಲ. ಯಾಕೆ ಬೀಳುವುದಿಲ್ಲ ಎಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ. ಒಳಗಿನ ಗಾಳಿಯ ಜೀವವನ್ನೆಲ್ಲ ಆ ಕಾಳೇ ನಿಧಾನಕ್ಕೆ ಕುಡಿದು ಮುಗಿಸುತ್ತದೆ. ಮಿಕ್ಕ ಗಾಳಿಯಲ್ಲಿ ಹುಳವೂ ಬದುಕುವುದಿಲ್ಲ, ಮನುಷ್ಯನೂ ಬದುಕುವುದಿಲ್ಲ. ಇದನ್ನು ನಾನು ಆಮೇಲೆ, ಕೆಲಸ ಕೆಟ್ಟ ಮೇಲೆ, ಡಾಕ್ಟರ ಬಾಯಿಂದ ಕೇಳಿ ತಿಳಿದುಕೊಂಡೆ.

ನಮ್ಮ ಹಿರಿಯರಿಗೆ ಕಾರಣ ಗೊತ್ತಿರಲಿಲ್ಲ, ಕ್ರಮ ಗೊತ್ತಿತ್ತು. ಬೆಳಿಗ್ಗೆ ಬಾಯಿ ತೆಗೆದು ಸಂಜೆಯವರೆಗೆ ಹಾಗೇ ಬಿಡಬೇಕು. ಆಮೇಲೆ ಮಡಕೆಯೊಳಗೆ ಹಣತೆ ಹಚ್ಚಿಟ್ಟು ಹಗ್ಗದಲ್ಲಿ ಇಳಿಬಿಡಬೇಕು. ದೀಪ ತಳ ಮುಟ್ಟುವವರೆಗೂ ಉರಿದರೆ ಆಳು ಇಳಿಯಬಹುದು, ಆರಿದರೆ ಇಳಿಯಬಾರದು. ನಮ್ಮ ತಾತನ ಕಾಲಕ್ಕೆ ಅದು ಪರೀಕ್ಷೆಯಾಗಿತ್ತು. ಅಪ್ಪನ ಕಾಲಕ್ಕೆ ಪೂಜೆಯಾಗಿಬಿಟ್ಟಿತ್ತು. ಹಗೇವಮ್ಮನಿಗೆ ದೀಪ ತೋರಿಸುವುದು ಎನ್ನುತ್ತಿದ್ದರು. ಅದಕ್ಕೊಂದು ತೆಂಗಿನಕಾಯಿ, ಅರಿಶಿನ ಕುಂಕುಮ, ಊದುಬತ್ತಿ. ದೀಪ ಆರಿದರೆ ಅಮ್ಮನಿಗೆ ಕೋಪ ಬಂದಿದೆ, ಇನ್ನೊಂದು ಕಾಯಿ ಒಡೆಯಬೇಕು ಎಂದು ಲೆಕ್ಕ.

ಹಗೇವು ತೋಡುವುದು, ತುಂಬುವುದು, ತೆಗೆಯುವುದು ಮೂರು ತಲೆಮಾರಿನಿಂದ ಕೇರಿಯ ಚಲುವಯ್ಯನ ಮನೆಯವರ ಪಾಲಿಗೆ ಬಂದ ಕೆಲಸ. ಚಪ್ಪಡಿ ಸರಿಸಿದ ಕೂಡಲೇ ಚಲುವಯ್ಯ ಬಾಯಿಯ ಹತ್ತಿರ ಮೂಗಿಟ್ಟು ಇದು ಎಷ್ಟು ವರ್ಷದ ರಾಗಿ ಎಂದು ಹೇಳಿಬಿಡುತ್ತಿದ್ದ. ಯಾರ ಮನೆಯ ಹಗೇವಿಗೆ ಯಾವ ವರ್ಷ ಎಷ್ಟು ಖಂಡುಗ ಇಳಿಯಿತು ಎನ್ನುವುದು ಶಾನುಭೋಗರ ಕಡತಕ್ಕಿಂತ ಚೆನ್ನಾಗಿ ಅವನ ತಲೆಯಲ್ಲಿತ್ತು. ಆ ತಲೆಯ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ನಲವತ್ತು ದಾಟಿದ ಮನುಷ್ಯ, ನನಗಾಗ ಇಪ್ಪತ್ತೆರಡು. ಆದರೂ ನಾನು ಅವನನ್ನು ನೀನು ಎನ್ನುತ್ತಿದ್ದೆ, ಅವನು ನನ್ನನ್ನು ನೀವು, ಚಿಕ್ಕಯ್ಯ ಎನ್ನುತ್ತಿದ್ದ. ಊರಿನ ಕಟ್ಟಳೆ ಹಾಗಿತ್ತು, ಇನ್ನೂ ಹಾಗೇ ಇದೆ. ಈಗಲೂ ಅವನನ್ನು ಏಕವಚನದಲ್ಲೇ ಹೇಳುತ್ತಿದ್ದೇನೆ, ನಾಲಿಗೆ ಅಷ್ಟು ಬೇಗ ತಿದ್ದಿಕೊಳ್ಳುವುದಿಲ್ಲ.

ನಾನು, ಮುನಿನಾರಾಯಣಪ್ಪ, ಮನೆಯಲ್ಲಿ ಓದಿದವನು. ಹಲಸೂರಿನ ಶಾಲೆಯಲ್ಲಿ ಲೋಯರ್ ಸೆಕೆಂಡರಿ ಪಾಸು ಮಾಡಿ, ದಂಡಿನ, ಅಂದರೆ ಕಂಟೋನ್ಮೆಂಟಿನ, ಬ್ಲಾಕ್‌ಪಲ್ಲಿಯಲ್ಲಿ ಅಸ್ಗರ್ ಸಾಹೇಬರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಯುದ್ಧದ ಕಾಲ. ದಂಡಿನ ತುಂಬ ಸೋಲ್ಜರುಗಳು. ಅಂಗಡಿಯಲ್ಲಿ ಸೈಕಲ್‌ಗಿಂತ ಬ್ಯಾಟರಿ ದೀಪಗಳೇ ಹೆಚ್ಚು ಮಾರಾಟವಾಗುತ್ತಿದ್ದವು. ಹಿತ್ತಾಳೆ ಮೈಯ ಒಂದನ್ನು ಸಾಹೇಬರು ನನಗೇ ಕೊಟ್ಟಿದ್ದರು. "ಗಾಳಿ ಬರ್ಲಿ, ಮಳೆ ಬರ್ಲಿ, ಇದು ಆರಲ್ಲ ಮಿಯಾ," ಎಂದು ಗಿರಾಕಿಗಳಿಗೆ ಹೇಳುವ ಮಾತನ್ನೇ ನನಗೂ ಹೇಳಿದ್ದರು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರೆಲ್ಲ ಓಡಾಡುತ್ತಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಮಟಮಟ ಮಧ್ಯಾಹ್ನ ಬ್ಯಾಟರಿ ಹಿಡಿದವನು.

ಆಗ ಕಂಟ್ರೋಲ್ ಕಾಲ. ತಲೆಗೆ ಇಷ್ಟೆಂದು ರಾಗಿ ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಸರ್ಕಾರಕ್ಕೆ ಲೆವಿ ಕೊಡಬೇಕಿತ್ತು. ಬಚ್ಚಿಟ್ಟು ಸಿಕ್ಕಿಬಿದ್ದರೆ ಜೈಲು. ಅಪ್ಪ ಅಂಗಳದ ಹಗೇವನ್ನು ಕಂದಾಯದ ಅಧಿಕಾರಿ ಶೇಕದಾರರಿಗೆ ತೋರಿಸಿ, ಕೊಟ್ಟಿಗೆಯೊಳಗಿನ ಅರ್ಧ ತುಂಬಿದ್ದ ಹಗೇವಿನ ಸುದ್ದಿ ಎತ್ತಿರಲಿಲ್ಲ. ಯಾರೋ ಚಾಡಿ ಹೇಳಿದರು. ಬುಧವಾರ ಶೇಕದಾರರು ಕಬ್ಬಿಣದ ಸಲಾಕೆ ತಂದು ಕೊಟ್ಟಿಗೆಗಳ ನೆಲ ಚುಚ್ಚಿ ನೋಡುತ್ತಾರಂತೆ ಎಂದು ಸೋಮವಾರ ಸಂಜೆ ಸುದ್ದಿ ಬಂತು. ಮಂಗಳವಾರವೇ ಹಗೇವು ಖಾಲಿಯಾಗಿ, ರಾಗಿ ಗಾಡಿಯ ಗೊಬ್ಬರದ ಅಡಿಯಲ್ಲಿ ಕಗ್ಗದಾಸಪುರದ ಸೋದರಮಾವನ ಮನೆ ಸೇರಬೇಕಾಯಿತು. ನೀನು ಇವತ್ತು ದಂಡಿಗೆ ಹೋಗಬೇಡ ಎಂದು ಅಪ್ಪ ನನ್ನನ್ನು ನಿಲ್ಲಿಸಿಕೊಂಡ.

ಉಣ್ಣುವ ಹೊತ್ತಿನಲ್ಲಿ ಬೀದಿಯಲ್ಲಿ ಜನ ಇರುವುದಿಲ್ಲ. ಆ ಹೊತ್ತು ನೋಡಿ ಕೊಟ್ಟಿಗೆಯ ಬಾಗಿಲು ಮುಂದಕ್ಕೆ ಹಾಕಿದೆವು. ನಾನೂ ಚಲುವಯ್ಯನೂ ಸೇರಿ ಚಪ್ಪಡಿ ಸರಿಸಿದೆವು. ಮುಗ್ಗಲು ವಾಸನೆ ಬಿಸಿಬಿಸಿಯಾಗಿ ಮುಖಕ್ಕೆ ಹೊಡೆಯಿತು. ಚಲುವಯ್ಯ ಮೂಗಿಟ್ಟು ನೋಡಿ ಹಿಂದಕ್ಕೆ ಸರಿದ.

"ಕಾವು ಜಾಸ್ತಿ ಐತೆ ಯಜಮಾನ್ರೆ. ಸಂಜೆಗಂಟ ಬಾಯಿ ತೆಗ್ದಿಡಾನ."

"ಸಂಜೆಗಂಟ ತೆಗ್ದಿಟ್ರೆ ಊರೆಲ್ಲ ಬಂದು ನೋಡ್ತದೆ. ದೀಪ ತೋರ್ಸಿ ಇಳಿ," ಎಂದ ಅಪ್ಪ.

ಹಣತೆ ಹಚ್ಚಿ ಮಡಕೆಯಲ್ಲಿಟ್ಟು ಇಳಿಬಿಟ್ಟರು. ಒಂದಾಳು ಆಳಕ್ಕೆ ಹೋಗುವಷ್ಟರಲ್ಲಿ ಆರಿಹೋಯಿತು. ಮೇಲೆಳೆದು ಮತ್ತೆ ಹಚ್ಚಿ ಬಿಟ್ಟರು. ಅದೇ ಜಾಗಕ್ಕೆ ಹೋಗಿ ಆರಿತು. ಅಪ್ಪನ ಮುಖ ಬಿಳಿಚಿಕೊಂಡಿತು. ಅವನ ಚಿಂತೆ ಚಲುವಯ್ಯನದಲ್ಲ, ಹಗೇವಮ್ಮನದು. ಒಳಗೆ ಹೋಗಿ ಇನ್ನೊಂದು ತೆಂಗಿನಕಾಯಿ ತಾ ಎಂದು ನನಗೆ ಹೇಳಿದ.

ಆಗ ನಾನು ಬಾಯಿ ಹಾಕಿದೆ. "ಅದು ಎಣ್ಣೆ ದೀಪ ಕಣಪ್ಪ, ಆರ್ದೆ ಇನ್ನೇನು ಮಾಡ್ತದೆ. ಇದನ್ನ ಬಿಡಾನ. ಇದು ಯಾವ ಗಾಳಿಗೂ ಆರಲ್ಲ."

ಬ್ಯಾಟರಿಯ ಗುಂಡಿ ಒತ್ತಿ, ಹಗ್ಗಕ್ಕೆ ಕಟ್ಟಿ, ಒಳಕ್ಕೆ ಬಿಟ್ಟೆ. ಅದು ಜಗ್ಗದೆ ಬಗ್ಗದೆ ಇಳಿದು ರಾಗಿಯ ಮೇಲೆ ಕೂತಿತು. ಗುಂಡಿಯೆಲ್ಲ ಬೆಳ್ಳಗಾಯಿತು. ಅಪ್ಪ ಎರಡೂ ಕೈ ಎತ್ತಿ ಮುಗಿದ. "ದೀಪ ನಿಂತ್ಕಂತು, ಅಮ್ಮ ಒಪ್ಕೊಂಡ್ಲು," ಎಂದ. ನನಗೂ ಎದೆ ಉಬ್ಬಿತು.

ಚಲುವಯ್ಯ ಮಾತ್ರ ಕೈ ಮುಗಿಯಲಿಲ್ಲ. ಗುಂಡಿಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಚಿಕ್ಕಯ್ಯ, ನೀವು ಓದ್ದೋರು. ಈ ದೀಪಾನೂ ಆ ದೀಪಾನೂ ಒಂದೇಯಾ? ಇಳೀಬೋದಾ?"

ಗೊತ್ತಿಲ್ಲ ಎನ್ನಬಹುದಿತ್ತು. ಮೂರಕ್ಷರದ ಮಾತು. ಅರೆಬರೆ ಓದಿದವನ ಬಾಯಲ್ಲಿ ಅದು ಅಷ್ಟು ಸುಲಭವಾಗಿ ಬರುವುದಿಲ್ಲ.

"ಇಳಿ, ಏನೂ ಆಗಲ್ಲ," ಎಂದೆ.

ಅವನು ಹಗ್ಗ ಹಿಡಿದು ಇಳಿದ. ಮೊದಲ ಕುಕ್ಕೆ ತುಂಬಿಕೊಟ್ಟ, ನಾನು ಎಳೆದುಕೊಂಡೆ. ಎರಡನೆಯದೂ ಬಂತು. ಮೂರನೆಯದಕ್ಕೆ ಬಹಳ ಹೊತ್ತು ತೆಗೆದುಕೊಂಡ. ಅರ್ಧ ಮಾತ್ರ ತುಂಬಿತ್ತು. ಒಳಗಿನಿಂದ ನಗು ಕೇಳಿಸಿತು.

"ಚಿಕ್ಕಯ್ಯ, ರಾಗಿ ಕುಣೀತಾ ಐತೆ," ಎಂದ. ನಾಲಿಗೆ ತೊದಲುತ್ತಿತ್ತು. ಆಮೇಲೆ ಮದುವೆಮನೆಯ ಸೋಬಾನೆ ಪದವೊಂದನ್ನು ಗುನುಗತೊಡಗಿದ.

"ಏನ್ಲಾ, ಬರೋವಾಗ್ಲೇ ಹಾಕ್ಕೊಂಡ್ಬಂದಿದ್ಯಾ?" ಎಂದು ಅಪ್ಪ ಮೇಲಿನಿಂದ ರೇಗಿಸಿದ. ನಾನೂ ನಕ್ಕೆ. ಅವನು ಕುಡಿಯುವವನೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಆದರೂ ನಕ್ಕೆವು.

ಅಷ್ಟರಲ್ಲಿ ಅವ್ವ ಮುನಿಗಂಗಮ್ಮ ನಡುಮನೆಯಿಂದ ಓಡಿಬಂದಳು. "ಶೇಕದಾರ್ರು! ಶಾನುಭೋಗ್ರ ಜೊತೇಲಿ ಬೀದಿ ತಿರುವಿಗೆ ಬಂದವ್ರೆ!"

ಒಂದು ದಿನ ಮೊದಲೇ ಬಂದಿದ್ದರು. ಅಪ್ಪ ಹಗೇವಿನ ಬಾಯಿಗೆ ಬಗ್ಗಿ, "ಚಲುವಯ್ಯ, ಸದ್ದು ಮಾಡ್ಬೇಡ, ಒಂದ್ ಗಳಿಗೆ ಸುಮ್ಕಿರು," ಎಂದ. ಕೆಳಗಿನಿಂದ ಹೂಂ ಎಂದೋ ಹಾಡಿನ ತುಣುಕೋ, ಏನೋ ಒಂದು ಕೇಳಿಸಿತು.

"ಮೇಲಕ್ಕೆ ಎಳ್ಕೊಂಡ್ಬಿಡಾನಪ್ಪ," ಎಂದೆ.

"ಹೊತ್ತೆಲ್ಲೈತೆ? ತಳ್ಳು!"

ಇಬ್ಬರೂ ಸೇರಿ ಚಪ್ಪಡಿ ತಳ್ಳಿದೆವು. ಅದರ ಮೇಲೆ ಹುಲ್ಲು ಹರಡಿ ಎತ್ತನ್ನು ತಂದು ಕಟ್ಟಿದೆವು. ಒಳಗೆ ಬ್ಯಾಟರಿ ಉರಿಯುತ್ತಿದೆ, ಅವನಿಗೆ ಬೆಳಕಿದೆ, ಹೆದರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ಬುದ್ಧಿವಂತ ನಾನು.

ಶೇಕದಾರರು ವಯಸ್ಸಾದವರು, ಬಿಸಿಲಲ್ಲಿ ನಡೆದು ಸುಸ್ತಾಗಿದ್ದರು. ಜಗುಲಿಯ ಮೇಲೆ ಕೂತು ಕೋಟಿನ ಜೇಬಿನಿಂದ ಗಡಿಯಾರ ತೆಗೆದು ನೋಡಿ, "ಒಂದೂ ಮೂವತ್ತೈದು. ಈ ಬಿಸಿಲಿಗೆ ಮನುಷ್ಯ ಬದುಕೋದು ಕಷ್ಟ ಕಣಯ್ಯ," ಎಂದರು. ಅವ್ವ ಮಜ್ಜಿಗೆ ತಂದಳು. ಲೋಟಕ್ಕೆ ಬಗ್ಗಿಸಿಕೊಡುವ ಕೆಲಸ ನನ್ನದಾಯಿತು. ಅವರು ಮಗಳ ಮದುವೆಗೆ ಸಕ್ಕರೆ ಸಿಗದ ಕಥೆ ತೆಗೆದರು. ವಿಮಾನ ಕಾರ್ಖಾನೆಯ ಕಡೆಯಿಂದ ಒಂದು ವಿಮಾನ ಎದ್ದು ಮನೆಯ ಮೇಲೆ ಹಾದುಹೋಯಿತು. ಎಲ್ಲರೂ ತಲೆಯೆತ್ತಿ ಅದು ಮರೆಯಾಗುವವರೆಗೆ ನೋಡಿದರು. ನಾನು ಲೋಟದಲ್ಲಿದ್ದ ಮಜ್ಜಿಗೆಯನ್ನೇ ನೋಡುತ್ತಿದ್ದೆ. ಆಗ ನೆನಪಾಯಿತು.

ಹಲಸೂರಿನ ಶಾಲೆಯಲ್ಲಿ ಮೇಷ್ಟ್ರು ಒಂದು ದಿನ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ ಗಾಜಿನ ಲೋಟ ಕವುಚಿದ್ದರು. ಬತ್ತಿ ಸಣ್ಣಗಾಗಿ ಆರಿತು. "ಗಾಳಿಯಲ್ಲಿ ಉರಿಸುವ ಅಂಶ ಮುಗಿಯಿತು. ಇದರೊಳಗೆ ಇಲಿ ಇದ್ದಿದ್ದರೆ ಅದೂ ಸಾಯುತ್ತಿತ್ತು," ಎಂದಿದ್ದರು. ನಾನು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೆ. ಈಗ ಮಜ್ಜಿಗೆ ಲೋಟ ಕೈಯಲ್ಲಿ ಹಿಡಿದು ನಿಂತಾಗ ಎಲ್ಲ ಒಟ್ಟಿಗೆ ಹೊಳೆಯಿತು. ಬ್ಯಾಟರಿ ಉರಿಯುವುದು ಸೆಲ್ಲಿನಿಂದ, ಅದಕ್ಕೆ ಗಾಳಿ ಬೇಕಾಗಿಲ್ಲ. ಹಣತೆಗೆ ಬೇಕು, ಚಲುವಯ್ಯನಿಗೆ ಬೇಕು. ಎರಡು ಸಲ ಹಣತೆ ಆರಿ ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ.

ಬಾಯಿ ತೆರೆದೆ. ಶೇಕದಾರರು ನನ್ನನ್ನೇ ನೋಡಿದರು.

"ಏನಪ್ಪಾ, ಏನೋ ಹೇಳೋಕೆ ಬಂದೆ?"

ಅಪ್ಪ ಅವರ ಬೆನ್ನ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದ. ಹೇಳಿದರೆ ಅಪ್ಪ ಜೈಲಿಗೆ. ಹೇಳದಿದ್ದರೆ ಚಲುವಯ್ಯ. ಇಷ್ಟು ಸ್ಪಷ್ಟವಾಗಿ ಆಗಲೇ ಗೊತ್ತಿತ್ತು, ಆಮೇಲೆ ಕಟ್ಟಿಕೊಂಡ ಮಾತಲ್ಲ. ಆದರೆ ಮನಸ್ಸು ಹೇಡಿತನಕ್ಕೆ ಒಂದು ಸಂದಿ ಹುಡುಕಿಕೊಡುತ್ತದೆ. ಇನ್ನೇನು ಎದ್ದು ಹೋಗುತ್ತಾರೆ, ಲೋಟ ಖಾಲಿಯಾಗುತ್ತಿದೆ, ಇನ್ನೊಂದು ಚೂರು ಅಷ್ಟೆ, ಎಂದಿತು.

"ಮಜ್ಜಿಗೆಗೆ ಉಪ್ಪು ಸಾಕಾ ಸ್ವಾಮಿ?" ಎಂದೆ.

"ಸಾಕು, ಚೆನ್ನಾಗಿದೆ. ಇನ್ನೊಂದು ಲೋಟ ಹಾಕು."

ಅದೇ ಹೊತ್ತಿಗೆ ಚಲುವಯ್ಯನ ಹೆಂಡತಿ ಗೋವಿಂದಮ್ಮ ರಾಗಿ ಹೊರಲು ಕುಕ್ಕೆ ಹಿಡಿದುಕೊಂಡು ಬಂದಳು. ಜಗುಲಿಯ ಮೇಲೆ ಅಧಿಕಾರಿ ಕೂತದ್ದನ್ನು ಕಂಡು ದೂರದಲ್ಲೇ ನಿಂತಳು. ಕೊಟ್ಟಿಗೆಯ ಕಡೆ ನೋಡಿದಳು, ಕಟ್ಟಿದ್ದ ಎತ್ತನ್ನು ನೋಡಿದಳು. ಅವಳಿಗೆ ಗುಮಾನಿ ಬಂದಿರಬೇಕು. ನಾನು ಖಾಲಿ ಗಡಿಗೆ ಹಿಡಿದು ಒಳಕ್ಕೆ ತಿರುಗಿದಾಗ ಗೋಡೆಯ ಮರೆಗೆ ಬಂದು ಮೆಲ್ಲಗೆ ಕೇಳಿದಳು.

"ಚಿಕ್ಕಯ್ಯ, ನಮ್ಮೋರೆಲ್ಲಿ?"

ಮೂರು ಸಲ ನನಗೆ ಬಾಗಿಲು ತೆರೆಯಿತು. ಇಳಿಯಲೇ ಎಂದು ಚಲುವಯ್ಯ ಕೇಳಿದಾಗ ಒಂದು ಸಲ, ಏನು ಹೇಳೋಕೆ ಬಂದೆ ಎಂದು ಶೇಕದಾರರು ಕೇಳಿದಾಗ ಒಂದು ಸಲ, ಇದು ಮೂರನೆಯ ಸಲ. ಹೇಳಿದ್ದರೆ ಅವಳು ಶೇಕದಾರರಿಗಲ್ಲ, ಮೈಸೂರು ಮಹಾರಾಜರಿಗೂ ಹೆದರದೆ ಎತ್ತು ಬಿಚ್ಚಿ ಚಪ್ಪಡಿ ಎಳೆಯುತ್ತಿದ್ದಳು. ಅದಕ್ಕೇ ಹೇಳಲಿಲ್ಲ.

"ತೋಪಿನ ಕಡೆ ಹೋದ, ಹೋಗಿ ನೋಡು," ಎಂದೆ.

ಅವಳು ಕುಕ್ಕೆ ಅಲ್ಲೇ ಇಟ್ಟು ತೋಪಿನ ಕಡೆ ಓಡಿದಳು.

ಶೇಕದಾರರು ಎಲೆ ಅಡಿಕೆ ಹಾಕಿಕೊಂಡರು, ಸುಣ್ಣ ಹೆಚ್ಚಾಯಿತೆಂದು ಮತ್ತೆ ಅಡಿಕೆ ಕೇಳಿದರು. ಕೊನೆಗೆ ಎದ್ದು ಗಡಿಯಾರ ನೋಡಿದರು. ಎರಡಕ್ಕೆ ಹತ್ತು ನಿಮಿಷ. "ನಾಳೆ ಹೊಸಕೋಟೆ ಕಡೆ ಅಮಲ್ದಾರ್ರ ಕ್ಯಾಂಪು. ನಾಳೆ ನಿಮ್ಮೂರಿಗೆ ಬರೋಕಾಗಲ್ಲ, ಮುಂದಿನ ವಾರ ನೋಡೋಣ. ಅದನ್ನ ಹೇಳಿಹೋಗೋಣ ಅಂತ ಬಂದೆ," ಎಂದರು. ಕೊಟ್ಟಿಗೆಯ ಕಡೆ ಕಣ್ಣೆತ್ತಿಯೂ ನೋಡದೆ ಕೊಡೆ ಬಿಚ್ಚಿಕೊಂಡು ಹೊರಟರು.

ಚಪ್ಪಡಿ ಎಳೆದಾಗ ಒಳಗೆ ಬ್ಯಾಟರಿ ನಿಗಿನಿಗಿ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಚಲುವಯ್ಯ ಅಂಗಾತ ಬಿದ್ದಿದ್ದ. ಒಂದು ಕೈ ಕುಕ್ಕೆಯೊಳಗಿತ್ತು. ಅಪ್ಪ ಕೂಗಿದ, ಮತ್ತೆ ಕೂಗಿದ. ನಾನು ಹಗ್ಗ ಹಿಡಿದು ಕಾಲು ಇಳಿಬಿಟ್ಟೆ. ಅವ್ವ ನನ್ನ ರಟ್ಟೆ ಹಿಡಿದು ಜಗ್ಗುತ್ತ ಅಳತೊಡಗಿದಳು. ಅಷ್ಟರಲ್ಲಿ ಬಾಗಿಲಿನಿಂದ ಕೂಗು ಬಂತು.

"ಯಾರೂ ಇಳೀಬೇಡಿ! ಇಳಿದ್ರೆ ಅವ್ರ ಪಕ್ದಲ್ಲೇ ಮಲಗ್ತೀರಿ!"

ಗೋವಿಂದಮ್ಮ ತೋಪಿನಿಂದ ವಾಪಸು ಬಂದಿದ್ದಳು. ನನ್ನ ಮುಖವನ್ನೂ ನೋಡಲಿಲ್ಲ. ಅಳಲಿಲ್ಲ. ಹಿತ್ತಲಿನ ಹೊಂಗೆಯಿಂದ ತೋಳುದ್ದದ ಸೊಪ್ಪಿನ ಕೊಂಬೆ ಮುರಿದು ತಂದು, ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಮೇಲಕ್ಕೂ ಕೆಳಕ್ಕೂ ಬಡಿಯತೊಡಗಿದಳು. ಒಳಗಿನ ಗಾಳಿಯನ್ನು ಕಡೆಯುವುದು ಹಾಗೆ. ಅವ್ವನ ಕೈಗೆ ಮೊರ ಕೊಟ್ಟು ಬೀಸಿ ಎಂದಳು. ಅಪ್ಪ ಕೊಡಗಟ್ಟಲೆ ನೀರು ತಂದು ಅವಳು ತೋರಿಸಿದ ಕಡೆ ಎರಚಿದ. ಯಜಮಾನ ಅವಳ ಆಳಾಗಿ ಓಡಾಡಿದ. ಆಮೇಲೆ ಅವಳು ಸೊಂಟಕ್ಕೆ ಒಂದು ಹಗ್ಗ ಬಿಗಿದು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಎದೆ ತುಂಬ ಉಸಿರೆಳೆದು ಬಾಯಿ ಮುಚ್ಚಿಕೊಂಡು ತಾನೇ ಇಳಿದಳು. ಗಂಡನ ಕಂಕುಳಿಗೆ ಹಗ್ಗ ಸುತ್ತಿ ಗಂಟು ಹಾಕಿ ಜಗ್ಗಿದಳು. ಮೊದಲು ಅವಳನ್ನು, ಹಿಂದೆಯೇ ಅವನನ್ನು ಎಳೆದೆವು.

ಅವನ ತುಟಿ ನೇರಳೆಹಣ್ಣು ತಿಂದವನ ತುಟಿಯಾಗಿತ್ತು. ಉಗುರು ಅದೇ ಬಣ್ಣ. ಗಂಟಲಲ್ಲಿ ಗೊರಗೊರ ಸದ್ದಿತ್ತು. ಜೀವವಿತ್ತು.

ಗಾಡಿ ಕಟ್ಟಿ ಹಲಸೂರಿನ ಮೇಲೆ ದಂಡಿನ ಆಸ್ಪತ್ರೆಗೆ ಹೊಡೆದೆವು. ದಾರಿಯುದ್ದಕ್ಕೂ ಅಪ್ಪ ಒಂದೇ ಮಾತು ಹೇಳಿಕೊಟ್ಟ. ಹಾಳು ಬಾವಿ ಶುದ್ಧ ಮಾಡಲು ಇಳಿದ, ಎರಡು ನಿಮಿಷ ಒಳಗಿದ್ದ, ಎಳೆದುಹಾಕಿದೆವು. ಗೋವಿಂದಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನೆಲ್ಲ ಕೇಳುತ್ತ ಕೂತಿದ್ದಳು.

ಡಾಕ್ಟರು ಎಷ್ಟು ಹೊತ್ತು ಒಳಗಿದ್ದ ಎಂದು ಕೇಳಿದರು. ಅಪ್ಪ ಎರಡು ನಿಮಿಷ ಎಂದ. ಅವರು ನನ್ನ ಕಡೆ ತಿರುಗಿದರು. ನಾನೂ ಎರಡು ನಿಮಿಷ ಎಂದೆ. ಮೂರನೆಯ ದಿನ ಅವರೇ ನನ್ನನ್ನು ವರಾಂಡದ ತುದಿಗೆ ಕರೆದುಕೊಂಡು ಹೋದರು. ತಮಿಳು ಸೇರಿಸಿ ಕನ್ನಡ ಮಾತಾಡುವ ದಂಡಿನ ಮನುಷ್ಯ.

"ಎರಡು ನಿಮಿಷಕ್ಕೆ ಹಿಂಗಾಗಲ್ಲ ತಂಬಿ. ಗಾಳೀಲಿ ಆಕ್ಸಿಜನ್ ಅಂತ ಒಂದಿದೆ. ದೀಪಕ್ಕೂ ಅದೇ ಬೇಕು, ಮನುಷ್ಯನಿಗೂ ಅದೇ ಬೇಕು. ಅದು ಕಮ್ಮಿ ಆದ್ರೆ ಮೊದಲು ಏಟು ಬೀಳೋದು ತಲೆಗೆ. ಕುಡಿದವನ ಥರ ನಗ್ತಾನೆ, ಹಾಡ್ತಾನೆ. ತನಗೆ ಏನೋ ಆಗ್ತಾ ಇದೆ ಅಂತ ಅವನಿಗೇ ತಿಳಿಯಲ್ಲ. ಆಮೇಲೆ ಕಾಲು ಸೋತು ಬೀಳ್ತಾನೆ. ಎದೆ ಹೊಡ್ಕೋತಾ ಇರತ್ತೆ, ತಲೆ ಮಾತ್ರ ಒಳಗೊಳಗೇ ಸಾಯ್ತಾ ಹೋಗತ್ತೆ."

"ಮುಂಚೆನೇ ಎಳ್ಕೊಂಡಿದ್ರೆ?" ಎಂದು ಕೇಳಿದೆ. ಕೇಳಬಾರದಿತ್ತು.

"ಬಿದ್ದ ನಾಲ್ಕೈದು ನಿಮಿಷದಲ್ಲಿ ಎಳ್ಕೊಂಡಿದ್ರೆ ಮಾರನೇ ದಿನ ನಡ್ಕೊಂಡು ಮನೆಗೆ ಹೋಗ್ತಿದ್ದ."

ಶೇಕದಾರರು ಬಂದದ್ದು ಒಂದೂ ಮೂವತ್ತೈದಕ್ಕೆ. ಗೋವಿಂದಮ್ಮ ಬಂದು ನಮ್ಮೋರೆಲ್ಲಿ ಎಂದು ಕೇಳಿದ್ದು ಮೊದಲ ಲೋಟ ಮುಗಿದು ಎರಡನೆಯದು ಅರ್ಧವಾದಾಗ. ನಾಲ್ಕೈದು ನಿಮಿಷ. ಆ ವರಾಂಡದಲ್ಲಿ ನಿಂತು ಹಾಕತೊಡಗಿದ ಲೆಕ್ಕ ಇವತ್ತಿಗೂ ನಿಂತಿಲ್ಲ.

ಚಲುವಯ್ಯ ಐದನೇ ದಿನ ಕಣ್ಣು ಬಿಟ್ಟ. ಮೂರು ವಾರಕ್ಕೆ ಎದ್ದು ಕೂತ. ಮನೆಗೆ ಬಂದ ಮೇಲೆ ಗೋಡೆ ಹಿಡಿದು ನಡೆದ. ನೋಡುವವರಿಗೆ ಗಟ್ಟಿಯಾಗೇ ಇದ್ದಾನೆ. ಆದರೆ ಅನ್ನದ ತುತ್ತು ಬಾಯಿಗೆ ಹೋಗುವುದರೊಳಗೆ ಕೈ ನಡುಗಿ ಅರ್ಧ ಎದೆಯ ಮೇಲೆ ಬೀಳುತ್ತದೆ. ಪಂಚೆ ಉಡಿಸಬೇಕು. ಹೆಂಡತಿಯನ್ನು ಅವ್ವ ಎನ್ನುತ್ತಾನೆ. ಬೆಳಿಗ್ಗೆ ಬಂದವರನ್ನು ಮಧ್ಯಾಹ್ನ ಯಾರೆಂದು ಕೇಳುತ್ತಾನೆ. ಊರಿನ ಅಷ್ಟೂ ಹಗೇವುಗಳನ್ನು ಇಟ್ಟುಕೊಂಡಿದ್ದ ತಲೆಯಲ್ಲಿ ಈಗ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತು ನಿಲ್ಲುವುದಿಲ್ಲ.

ಊರಲ್ಲಿ ಕಥೆ ಬೇರೆಯೇ ಆಯಿತು. ಕುಡಿದು ಹಾಳು ಬಾವಿಗೆ ಇಳಿದನಂತೆ, ಬೇಡ ಎಂದರೂ ಕೇಳಲಿಲ್ಲವಂತೆ. ಇದನ್ನು ಹರಡಿದವನು ನಮ್ಮಪ್ಪನೇ. ಆಮೇಲೆ ಅಪ್ಪ ತಿಂಗಳಿಗಿಷ್ಟು ಎಂದು ಅವರ ಮನೆಗೆ ರಾಗಿ ಕಳಿಸತೊಡಗಿದ. ಮುನಿಆಂಜನಪ್ಪನ ಮನಸ್ಸು ದೊಡ್ಡದು ಎಂದು ಜನ ಕೊಂಡಾಡಿದರು. ಕೊಲ್ಲುವ ಕೈಯೇ ತುತ್ತು ಇಟ್ಟರೆ ಅದನ್ನು ಧರ್ಮ ಎನ್ನುತ್ತಾರೆ ನಮ್ಮೂರಲ್ಲಿ. ಗೋವಿಂದಮ್ಮ ರಾಗಿ ತೆಗೆದುಕೊಂಡಳು. ಬೇಡ ಎನ್ನಲು ಅವಳಿಗೆ ಎಲ್ಲಿ ಅವಕಾಶವಿತ್ತು?

ಆರು ತಿಂಗಳು ನಾನು ಕೇರಿಯ ಕಡೆ ಹೋಗಲಿಲ್ಲ. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಎಷ್ಟು ದಿನ ಇರಲಾಗುತ್ತದೆ. ಒಂದು ಶುಕ್ರವಾರ ಅಸ್ಗರ್ ಸಾಹೇಬರ ಅಂಗಡಿ ರಜ. ಬೆಳಿಗ್ಗೆಯೇ ಎದ್ದು ಹೋದೆ. ಗೋವಿಂದಮ್ಮ ಅಂಗಳದಲ್ಲಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಚಲುವಯ್ಯ ಗೋಡೆಗೆ ಒರಗಿ ಬಿಸಿಲಿಗೆ ಮೈ ಕಾಯಿಸುತ್ತಿದ್ದ. ನಿಂತಲ್ಲೇ ಹೇಳಿದೆ.

"ಗೋವಿಂದಮ್ಮ, ಆವತ್ತು ತೋಪಿಗೆ ಹೋದ ಅಂತ ಸುಳ್ಳು ಹೇಳ್ದೆ. ಒಳಗೆ ಗಾಳಿ ಇಲ್ಲ ಅಂತ ನನಗೆ ಗೊತ್ತಾಗಿತ್ತು."

ಅವಳು ಕೇರುವುದನ್ನು ನಿಲ್ಲಿಸಲಿಲ್ಲ. "ನಾನು ಕೇಳ್ದಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ನನ್ನ ಮುಖಕ್ಕೆ ಉಗಿಯಬಹುದಿತ್ತು. ಉಗಿಯಲಿ ಎಂದೇ ಹೋಗಿದ್ದೆ, ಬೈಸಿಕೊಂಡು ಹಗುರವಾಗಿ ಬರೋಣ ಎಂದು. ಅವಳು ಅಷ್ಟು ಸುಲಭಕ್ಕೆ ಬಿಡುವವಳಲ್ಲ.

"ನಂಗ್ಯಾಕೇಳ್ತೀರಿ ಚಿಕ್ಕಯ್ಯ? ಇಳಿದೋರು ಅಲ್ಲಿ ಕುಂತವ್ರೆ. ಅವ್ರಿಗೇಳಿ."

ಚಲುವಯ್ಯನ ಎದುರಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಅವನು ನನ್ನನ್ನು ಕಂಡು ಹಲ್ಲು ಬಿಟ್ಟು ನಕ್ಕ, ಯಾರೆಂದು ತಿಳಿಯದ ನಗು. ನಿನ್ನನ್ನು ನಾನು ಎಂದು ಶುರು ಮಾಡಬೇಕೆಂದುಕೊಂಡಿದ್ದೆ. ಬಾಯಿಗೆ ಬರಲಿಲ್ಲ. ಒಬ್ಬ ಮನುಷ್ಯ ಇದ್ದ ಎಂದು ಶುರು ಮಾಡಿದೆ. ಆ ಮನುಷ್ಯ ಹಗೇವಿಗೆ ಇಳಿದ. ಇಳಿಯಬಹುದು ಎಂದು ಹೇಳಿದವನು ಓದಿದವನು. ಮೇಲೆ ಚಪ್ಪಡಿ ಮುಚ್ಚಿದರು. ಓದಿದವನಿಗೆ ಎಲ್ಲ ತಿಳಿಯಿತು, ಆದರೂ ಮಜ್ಜಿಗೆ ಬಗ್ಗಿಸುತ್ತ ನಿಂತಿದ್ದ. ಹೆಂಡತಿ ಬಂದು ಕೇಳಿದಳು, ಸುಳ್ಳು ಹೇಳಿ ಓಡಿಸಿದ. ಒಂದನ್ನೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು, ಅತ್ತೆ.

ಚಲುವಯ್ಯ ಬಾಯಿ ತೆರೆದುಕೊಂಡು ಕೇಳಿದ. ಚಪ್ಪಡಿ ಮುಚ್ಚಿದ ಮಾತು ಬಂದಾಗ ಅವನ ಕೈ ಜೋರಾಗಿ ನಡುಗಿತು. ಮುಗಿದ ಮೇಲೆ ನನ್ನ ತೋಳು ಹಿಡಿದುಕೊಂಡು, ಬಹಳ ಗಾಬರಿಯಿಂದ, ತನ್ನ ಸ್ವಂತ ಅಣ್ಣತಮ್ಮನ ವಿಷಯ ಕೇಳುವವನ ಹಾಗೆ ಕೇಳಿದ.

"ಆಮೇಲೆ ಆ ಮನ್ಸ ಬದುಕಿದ್ನಾ ಸಾಮಿ?"

ಮೊರದ ಸದ್ದು ನಿಂತಿತು. ಗೋವಿಂದಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಎದ್ದೆ. ಅವಳು ಬೈಯಲಿಲ್ಲ.

"ಬರೋ ವಾರಾನೂ ಬಂದು ಹೇಳಿ," ಎಂದಳು. "ಅಷ್ಟೊತ್ಗೆ ಅವ್ರಿಗೆ ಮರ್ತೋಗಿರ್ತದೆ."

ಶುಕ್ರವಾರ ಶುಕ್ರವಾರ ಹೋಗುತ್ತಿದ್ದೇನೆ. ಯುದ್ಧ ಮುಗಿಯಿತು, ದಂಡಿನಿಂದ ಸೋಲ್ಜರುಗಳು ಹೋದರು, ಸ್ವಾತಂತ್ರ್ಯ ಬಂತು. ನಾನು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ, ಅವನು ಮೊದಲ ಸಲ ಕೇಳುವವನ ಹಾಗೆ ಕೇಳುತ್ತಾನೆ. ಒಂದೆರಡು ಸಲ ಧೈರ್ಯ ಮಾಡಿ ಆ ಮನುಷ್ಯ ನೀನೇ ಎಂದೂ ಹೇಳಿದ್ದೇನೆ. ನಾನು ಇಲ್ಲೇ ಇದ್ದೀನಲ್ಲ ಸಾಮಿ ಎಂದು ನಕ್ಕುಬಿಡುತ್ತಾನೆ. ನಕ್ಕ ಮೇಲೆ ಮುಖ ಸಣ್ಣದು ಮಾಡಿ ಮತ್ತೆ ಅದನ್ನೇ ಕೇಳುತ್ತಾನೆ, ಅವನು ಬದುಕಿದನಾ ಎಂದು. ಗೋವಿಂದಮ್ಮ ಮೊರ ಕೆಳಗಿಟ್ಟು ಕಾಯುತ್ತಾಳೆ. ಹೌದು ಎಂದರೆ ಅವಳ ಮುಂದೆ ಸುಳ್ಳಾಗುತ್ತದೆ, ಇಲ್ಲ ಎಂದರೆ ಅವನ ಮುಂದೆ. ಇದುವರೆಗೂ ನಾನು ಉತ್ತರ ಕೊಟ್ಟಿಲ್ಲ.